ಸುಡೊಕು ನೀವೇ ಮಾಡಿ ನೋಡಿ: ಒಂದೇ ಉತ್ತರ ಉಳಿಯುವಂತೆ ಅಂಕಿ ಅಳಿಸುವುದು ಹೇಗೆ?

ಪೇಪರ್ ಬಂದ ಕೂಡಲೇ ಪೆನ್ ಹುಡುಕಿಕೊಂಡು ಸುಡೊಕು ಪುಟಕ್ಕೆ ಹೋಗುವವರು ಮನೆಗೊಬ್ಬರಾದರೂ ಇರುತ್ತಾರೆ. ಅದನ್ನು ಮಾಡುವುದು ಹೇಗೆ ಅಂತ ಕೇಳಿದರೆ ಮಾತ್ರ ‘ಕಂಪ್ಯೂಟರ್ ಮಾಡುತ್ತೆ ಬಿಡಿ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಆದರೆ ಒಮ್ಮೊಮ್ಮೆ ನಾವೇ ಮಾಡಬೇಕಾಗಿ ಬರುತ್ತದೆ. ಶಾಲೆಯ ಸಂಚಿಕೆಗೆ ಒಂದು ಪುಟ ತುಂಬಿಸಬೇಕು, ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ಒಂದು ಆಟ ಬೇಕು, ವಾಟ್ಸ್‌ಆ್ಯಪ್ ಗ್ರೂಪಿಗೆ ದಿನಕ್ಕೊಂದು ಹಾಕಬೇಕು. ಎಐ ಚಾಟ್‌ಬಾಟ್‌ಗೆ ಹೇಳಿದರೆ ಕ್ಷಣದಲ್ಲಿ ಒಂಬತ್ತು ಸಾಲು ಬರೆದು ಕೊಡುತ್ತದೆ. ನೋಡುವುದಕ್ಕೆ ಸುಡೊಕು ಥರವೇ ಇರುತ್ತದೆ. ಬಿಡಿಸಲು ಕೂತಾಗ ಅರ್ಧದಾರಿಯಲ್ಲಿ ಕೈಕೊಡಬಹುದು. ಒಂದು ಮನೆಗೆ 3 ಹಾಕಿದರೂ ಸರಿ, 8 ಹಾಕಿದರೂ ಸರಿ. ಆಮೇಲೆ ಗ್ರೂಪಿನಲ್ಲಿ ಜಗಳ.

ಅಂಥ ಜಗಳ ಬಾರದ ಹಾಗೆ ಒಂದು ಸುಡೊಕು ಮಾಡುವುದು ಹೇಗೆ? ಗಣಿತ ಓದಿರಬೇಕಾಗಿಲ್ಲ. ಪೆನ್ಸಿಲ್, ರಬ್ಬರ್, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಮೊದಲು ಕೆಲವು ಹೆಸರು

ಸುಡೊಕುವಿನ ಒಂದೊಂದು ಚಿಕ್ಕ ಚೌಕವನ್ನು ಮನೆ ಎನ್ನೋಣ, ಚೌಕಾಬಾರದಲ್ಲಿ ಹೇಳುವ ಹಾಗೆ. ಒಟ್ಟು 81 ಮನೆ. ಎಡದಿಂದ ಬಲಕ್ಕೆ ಹೋಗುವುದು ಅಡ್ಡಸಾಲು, ಮೇಲಿಂದ ಕೆಳಗೆ ಬರುವುದು ಕಂಬಸಾಲು. ದಪ್ಪ ಗೆರೆಯ ಒಳಗಿನ 3×3 ಗುಂಪು ಪೆಟ್ಟಿಗೆ. ಒಂದರ ಪಕ್ಕ ಒಂದಿರುವ ಮೂರು ಪೆಟ್ಟಿಗೆ ಸೇರಿದರೆ ಒಂದು ಪಟ್ಟಿ. ಅದರಲ್ಲಿ ಮೂರು ಅಡ್ಡಸಾಲು ಇರುತ್ತವೆ. ಮೊದಲೇ ಅಚ್ಚಾಗಿ ಬಂದಿರುವ ಅಂಕಿಗಳು ಸುಳಿವುಗಳು.

ನಿಯಮ ಎಲ್ಲರಿಗೂ ಗೊತ್ತು. ಪ್ರತಿ ಅಡ್ಡಸಾಲು, ಪ್ರತಿ ಕಂಬಸಾಲು, ಪ್ರತಿ ಪೆಟ್ಟಿಗೆಯಲ್ಲೂ 1ರಿಂದ 9 ಒಂದೊಂದೇ ಸಲ ಬರಬೇಕು. ಅಚ್ಚಾಗದ ಇನ್ನೊಂದು ನಿಯಮವೂ ಇದೆ, ಮಾಡುವವರಿಗೆ ಅದೇ ಮುಖ್ಯ. ಸರಿಯಾದ ಉತ್ತರ ಒಂದೇ ಒಂದು ಇರಬೇಕು.

ಒಂದೇ ಯಾಕೆ? ಸುಡೊಕು ಬಿಡಿಸುವಾಗ ನಾವು ಮನಸ್ಸಿನಲ್ಲಿ ಹೇಳಿಕೊಳ್ಳುವ ಪ್ರತಿ ಮಾತೂ ‘ಇಲ್ಲಿ 5 ಬಿಟ್ಟು ಬೇರೇನೂ ಬರಲ್ಲ’ ಎಂಬ ಥರದ್ದು. ಎರಡು ಉತ್ತರ ಇದ್ದರೆ ಒಂದು ಹಂತದ ನಂತರ ಆ ಮಾತು ಹೇಳುವುದಕ್ಕೇ ಆಗುವುದಿಲ್ಲ. ಎಷ್ಟೇ ಜಾಣರಾದರೂ ಅಲ್ಲಿ ಊಹೆ ಮಾಡಲೇಬೇಕು, ಇಬ್ಬರು ಬಿಡಿಸಿದರೆ ಇಬ್ಬರ ಉತ್ತರ ಬೇರೆ ಬೇರೆ ಬರಬಹುದು.

ನಾಲ್ಕರ ಚೌಕದಲ್ಲಿ ಮಾಡಿ ನೋಡೋಣ

81 ಮನೆಯಲ್ಲಿ ನೇರವಾಗಿ ಕೈ ಹಾಕಿದರೆ ತಲೆ ಕೆಡುತ್ತದೆ. ಮಕ್ಕಳಿಗೆ ಕೊಡುವ 4×4 ಸುಡೊಕುವಿನಲ್ಲಿ ಎಲ್ಲ ಗುಟ್ಟೂ ಇದೆ. ಅಂಕಿಗಳು 1ರಿಂದ 4, ಪೆಟ್ಟಿಗೆ 2×2. ಮೊದಲು ಪೂರ್ತಿ ಉತ್ತರ ಬರೆದುಕೊಳ್ಳಿ:

1 2 3 4
3 4 1 2
2 1 4 3
4 3 2 1

ಈಗ ಅಂಕಿ ಅಳಿಸಬೇಕು. ಸುಮ್ನೆ ಅಳಿಸುವ ಮುಂಚೆ ಒಂದು ವಿಷಯ ಗಮನಿಸಿ. ಒಂದನೇ ಸಾಲಿನ ಮೊದಲ ಎರಡು ಮನೆಯಲ್ಲಿ 1, 2 ಇವೆ. ಮೂರನೇ ಸಾಲಿನ ಮೊದಲ ಎರಡು ಮನೆಯಲ್ಲಿ 2, 1 ಇವೆ. ಇವನ್ನು ಅದಲುಬದಲು ಮಾಡಿ: ಮೇಲೆ 2, 1, ಕೆಳಗೆ 1, 2. ಸಾಲಿನಲ್ಲಿ ಇರುವ ಅಂಕಿಗಳು ಅವೇ. ಕಂಬದಲ್ಲೂ ಅವೇ. ಪೆಟ್ಟಿಗೆಯಲ್ಲೂ ಅವೇ. ಅಂದರೆ ಇದೂ ಸರಿಯಾದ ಉತ್ತರವೇ!

ಹಾಗಾಗಿ ಈ ನಾಲ್ಕೂ ಮನೆಗಳನ್ನು ಖಾಲಿ ಬಿಟ್ಟರೆ ಉಳಿದ 12 ಮನೆ ತುಂಬಿಸಿ ಕೊಟ್ಟರೂ ಎರಡು ಉತ್ತರ ಬರುತ್ತವೆ. ಈ ನಾಲ್ಕರಲ್ಲಿ ಒಂದಾದರೂ ಸುಳಿವಾಗಿ ಉಳಿಯಲೇಬೇಕು. ಇಂಥದ್ದನ್ನು ಅದಲುಬದಲು ಗುಂಪು ಎಂದು ಕರೆಯೋಣ. ಸುಡೊಕು ಮಾಡುವವರ ಮುಖ್ಯ ಶತ್ರು ಇದೇ.

ಮೇಲಿನ ಚೌಕದಲ್ಲಿ ಇಂಥವು ಎಷ್ಟಿವೆ? ಒಂದು ಮತ್ತು ಮೂರನೇ ಸಾಲಿನ ಎಡಭಾಗದಲ್ಲಿ ಒಂದು, ಬಲಭಾಗದಲ್ಲಿ ಒಂದು. ಎರಡು ಮತ್ತು ನಾಲ್ಕನೇ ಸಾಲಿನಲ್ಲಿ ಹಾಗೇ ಎರಡು. ಈ ನಾಲ್ಕು ಗುಂಪುಗಳು ಒಂದರ ಮೇಲೊಂದು ಬೀಳುವುದಿಲ್ಲ, 16 ಮನೆಯನ್ನು ಸರಿಯಾಗಿ ಹಂಚಿಕೊಂಡಿವೆ. ಪ್ರತಿ ಗುಂಪಿಗೂ ಕನಿಷ್ಠ ಒಂದು ಸುಳಿವು ಬೇಕು. ಆದ್ದರಿಂದ ಈ ಚೌಕಕ್ಕೆ ನಾಲ್ಕಕ್ಕಿಂತ ಕಡಿಮೆ ಸುಳಿವು ಕೊಟ್ಟು ಸುಡೊಕು ಮಾಡುವುದು ಸಾಧ್ಯವೇ ಇಲ್ಲ. ಒಂದು ಲೆಕ್ಕವನ್ನೂ ಮಾಡದೆ ಇಷ್ಟು ಗೊತ್ತಾಯಿತು. ಕಂಬಗಳ ಕಡೆಯಿಂದ ನೋಡಿದರೂ ಇಂಥವೇ ಇನ್ನೂ ನಾಲ್ಕು ಸಿಗುತ್ತವೆ. ಉದಾಹರಣೆಗೆ ಮೊದಲ ಎರಡು ಸಾಲುಗಳಲ್ಲಿ ಒಂದನೇ ಮತ್ತು ಮೂರನೇ ಕಂಬ: 1, 3 ಮತ್ತು 3, 1.

ಸರಿ, ಎಂಟೂ ಗುಂಪಿಗೆ ತಲುಪುವ ಹಾಗೆ ನಾಲ್ಕು ಸುಳಿವು ಇಟ್ಟು ನೋಡೋಣ:

1 . . .
. 4 . .
. . . 3
. . 2 .

ನೋಡುವುದಕ್ಕೆ ಚೆನ್ನಾಗಿದೆ. ಸಾಲಿಗೊಂದು, ಕಂಬಕ್ಕೊಂದು ಸುಳಿವು. ನಾಲ್ಕೂ ಅಂಕಿಗಳು ಬಂದಿವೆ. ಬಿಡಿಸಲು ಹೋಗಿ, ಮೊದಲ ಹೆಜ್ಜೆಯಲ್ಲೇ ಸಿಕ್ಕಿಬೀಳುತ್ತೀರಿ. ಯಾವ ಖಾಲಿ ಮನೆಗೂ ‘ಇದೇ’ ಎನ್ನುವ ಅಂಕಿ ಸಿಗುವುದಿಲ್ಲ. ಕಾರಣ, ನಾವು ಅಂದುಕೊಂಡ ಉತ್ತರದ ಜೊತೆಗೆ ಇದೂ ಸರಿಹೊಂದುತ್ತದೆ:

1 3 4 2
2 4 3 1
4 2 1 3
3 1 2 4

ನಾಲ್ಕು ಮನೆಯ ಗುಂಪುಗಳನ್ನೆಲ್ಲ ಕಾಪಾಡಿದರೂ ಹೀಗಾಯಿತು. ಇಲ್ಲಿ ಸುಳಿವು ಬಿಟ್ಟು ಉಳಿದ ಹನ್ನೆರಡೂ ಮನೆ ಒಟ್ಟಿಗೆ ಬದಲಾಗಿವೆ, ನೋಡಿ. ಗುಂಪುಗಳು ಇಷ್ಟು ದೊಡ್ಡದಾಗಿಯೂ ಇರಬಹುದು, ಅವು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಕಣ್ಣಳತೆಯಲ್ಲಿ ‘ಸರಿ ಇದೆ’ ಎನ್ನುವಂತಿಲ್ಲ. ಬಿಡಿಸಿಯೇ ನೋಡಬೇಕು.

ಇನ್ನೊಂದು ಪ್ರಯತ್ನ, ಅದೇ ಉತ್ತರಕ್ಕೆ, ನಾಲ್ಕೇ ಸುಳಿವು:

1 . . 4
. . . .
. . . .
. 3 2 .

ಮೊದಲ ಸಾಲಿನಲ್ಲಿ 2, 3 ಬಾಕಿ. ಎರಡನೇ ಕಂಬದಲ್ಲಿ ಆಗಲೇ 3 ಇದೆ, ಹಾಗಾಗಿ ಅಲ್ಲಿ 2, ಪಕ್ಕದಲ್ಲಿ 3. ಎಡಮೇಲಿನ ಪೆಟ್ಟಿಗೆಗೆ 3, 4 ಬಾಕಿ. ಮತ್ತೆ ಎರಡನೇ ಕಂಬದ 3 ಅಡ್ಡ ಬರುತ್ತದೆ, ಆದ್ದರಿಂದ ಎರಡನೇ ಸಾಲು 3, 4 ಎಂದು ಶುರುವಾಗುತ್ತದೆ. ಬಲಮೇಲಿನ ಪೆಟ್ಟಿಗೆಗೆ 1, 2 ಬಾಕಿ. ಮೂರನೇ ಕಂಬದಲ್ಲಿ 2 ಇರುವುದರಿಂದ ಅಲ್ಲಿ 1, ಆಮೇಲೆ 2. ಕೆಳಗಿನ ಸಾಲಿಗೆ 1, 4 ಬೇಕು. ಮೊದಲ ಕಂಬದಲ್ಲಿ 1 ಇದೆ, ಹಾಗಾಗಿ ಎಡತುದಿಗೆ 4, ಬಲತುದಿಗೆ 1. ಮೂರನೇ ಸಾಲು ತಾನಾಗಿ ತುಂಬಿಕೊಳ್ಳುತ್ತದೆ.

ಎಲ್ಲೂ ಊಹೆ ಮಾಡಲಿಲ್ಲ. ಪ್ರತಿ ಹೆಜ್ಜೆಯಲ್ಲೂ ಬೇರೆ ದಾರಿ ಇರಲಿಲ್ಲ. ಹಾಗೆ ಬಿಡಿಸಿದ ಮೇಲೆ ಇನ್ನೊಂದು ಉತ್ತರ ಇರುವುದಕ್ಕೆ ಜಾಗವೇ ಇಲ್ಲ. ಕೈಯಲ್ಲಿ ಸುಡೊಕು ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಊಹೆಯಿಲ್ಲದೆ ಕೊನೆ ಮುಟ್ಟಿದರೆ ಉತ್ತರ ಒಂದೇ ಎಂದು ಸಾಬೀತಾದಂತೆ.

ಒಂಬತ್ತರ ಚೌಕವನ್ನು ತುಂಬುವುದು

ಈಗ ದೊಡ್ಡದಕ್ಕೆ ಬರೋಣ. ಮೊದಲ ಕೆಲಸ ಪೂರ್ತಿ ತುಂಬಿದ ಚೌಕ. ಅತಿ ಸುಲಭದ ದಾರಿ ಅಂಕಿಗಳನ್ನು ಸರಿಸುತ್ತಾ ಹೋಗುವುದು. ಮೊದಲ ಸಾಲು 1ರಿಂದ 9. ಎರಡನೇ ಸಾಲನ್ನು 4ರಿಂದ ಶುರುಮಾಡಿ, ಮೂರನೆಯದನ್ನು 7ರಿಂದ. ಮುಂದಿನ ಪಟ್ಟಿ 2, 5, 8ರಿಂದ. ಕೊನೆಯದು 3, 6, 9ರಿಂದ:

1 2 3 4 5 6 7 8 9
4 5 6 7 8 9 1 2 3
7 8 9 1 2 3 4 5 6
2 3 4 5 6 7 8 9 1
5 6 7 8 9 1 2 3 4
8 9 1 2 3 4 5 6 7
3 4 5 6 7 8 9 1 2
6 7 8 9 1 2 3 4 5
9 1 2 3 4 5 6 7 8

ನಿಯಮದ ಪ್ರಕಾರ ಇದು ಸರಿ. ಆದರೆ ಹೀಗೇ ಕೊಟ್ಟರೆ ಯಾರಾದರೂ ಎರಡು ನಿಮಿಷದಲ್ಲಿ ಗುಟ್ಟು ಹಿಡಿಯುತ್ತಾರೆ. ಕಲಸಬೇಕು. ನಿಯಮ ಮುರಿಯದೆ ಕಲಸುವ ದಾರಿಗಳು ಹಲವಿವೆ. ಎಲ್ಲ 1ನ್ನೂ 6 ಮಾಡಿ, ಎಲ್ಲ 6ನ್ನೂ 1 ಮಾಡಿ. ಹೀಗೆ ಒಂಬತ್ತು ಅಂಕಿಗಳ ಹೆಸರನ್ನು ಹೇಗೆ ಬೇಕಾದರೂ ಬದಲಿಸಬಹುದು. ಒಂದೇ ಪಟ್ಟಿಯೊಳಗಿನ ಸಾಲುಗಳನ್ನು ಅದಲುಬದಲು ಮಾಡಬಹುದು. ಇಡೀ ಪಟ್ಟಿಯನ್ನೇ ಇನ್ನೊಂದು ಪಟ್ಟಿಯ ಜಾಗಕ್ಕೆ ತರಬಹುದು. ಕಂಬಗಳಿಗೂ ಇದೇ. ಹಾಳೆಯನ್ನು ತಿರುಗಿಸಿ ಅಡ್ಡವನ್ನು ಉದ್ದ ಮಾಡಬಹುದು. ಎಲ್ಲ ಸೇರಿಸಿದರೆ ಒಂದೇ ಚೌಕಕ್ಕೆ 1.2 ಲಕ್ಷ ಕೋಟಿಗೂ ಜಾಸ್ತಿ ಬಗೆಯ ಕಲಸುವಿಕೆ ಇದೆ.

ಒಂದು ಪಟ್ಟಿಯ ಸಾಲನ್ನು ಇನ್ನೊಂದು ಪಟ್ಟಿಯ ಸಾಲಿನ ಜೊತೆ ಮಾತ್ರ ಬದಲಿಸಬೇಡಿ. ಮೇಲಿನ ಚೌಕದಲ್ಲಿ ಮೂರನೇ ಮತ್ತು ನಾಲ್ಕನೇ ಸಾಲನ್ನು ಬದಲಿಸಿ ನೋಡಿ: ಮೊದಲ ಪೆಟ್ಟಿಗೆಯಲ್ಲಿ 2, 3, 4 ಎರಡೆರಡು ಸಲ ಬರುತ್ತವೆ.

ಇಷ್ಟು ಕಲಸಿದರೂ ಈ ಚೌಕದ ಹುಟ್ಟುಗುಣ ಹೋಗುವುದಿಲ್ಲ. ಮೊದಲ ಪಟ್ಟಿಯಲ್ಲಿ 1, 4, 7ನೇ ಕಂಬಗಳನ್ನು ಮಾತ್ರ ನೋಡಿ: 1 4 7, 4 7 1, 7 1 4. ಮೂರು ಅಂಕಿಗಳು ತಮ್ಮಲ್ಲೇ ಸುತ್ತುತ್ತಿವೆ. ಈ ಮೂರು ತುಂಡುಗಳಲ್ಲಿ ಯಾವ ಎರಡನ್ನು ಅದಲುಬದಲು ಮಾಡಿದರೂ ನಿಯಮ ಮುರಿಯುವುದಿಲ್ಲ. ಅಂದರೆ ಇಲ್ಲಿ ಕನಿಷ್ಠ ಎರಡು ತುಂಡಿಗಾದರೂ ಒಂದೊಂದು ಸುಳಿವು ಬೇಕು. ಇಂಥ ಜಾಗ ಪಟ್ಟಿಗೆ ಮೂರರಂತೆ ಒಟ್ಟು ಒಂಬತ್ತು. ಒಂಬತ್ತೆರಡಲ ಹದಿನೆಂಟು. ಹಾಗಾಗಿ ಈ ಚೌಕದಿಂದ 18ಕ್ಕಿಂತ ಕಡಿಮೆ ಸುಳಿವಿನ ಸುಡೊಕು ಹುಟ್ಟುವುದಿಲ್ಲ. ಶಾಲೆಯ ಸಂಚಿಕೆಗೆ ಅದು ತೊಂದರೆಯೇನಲ್ಲ ಬಿಡಿ.

ಬೇರೆ ತಳಿಯ ಚೌಕ ಬೇಕೆಂದರೆ ಹೀಗೆ ಮಾಡಿ. ಎಡಮೇಲಿನ, ನಡುವಿನ, ಬಲಕೆಳಗಿನ ಪೆಟ್ಟಿಗೆಗಳಲ್ಲಿ ಮನಸ್ಸಿಗೆ ಬಂದಂತೆ 1ರಿಂದ 9 ಬರೆಯಿರಿ. ಈ ಮೂರು ಪೆಟ್ಟಿಗೆಗಳಿಗೆ ಒಂದೇ ಸಾಲು, ಒಂದೇ ಕಂಬ ಇಲ್ಲ, ಹಾಗಾಗಿ ಜಗಳವಿಲ್ಲ. ಉಳಿದದ್ದನ್ನು ಸುಡೊಕು ಬಿಡಿಸುವಂತೆ ತುಂಬುತ್ತಾ ಹೋಗಿ, ಸಿಕ್ಕಿಕೊಂಡರೆ ಹಿಂದೆ ಬಂದು ಬೇರೆ ಅಂಕಿ ಹಾಕಿ. ಕಂಪ್ಯೂಟರ್ ಪ್ರೋಗ್ರಾಂಗಳು ಮಾಡುವುದೂ ಇದನ್ನೇ, ಬೇಸರವಿಲ್ಲದೆ ಮಾಡುತ್ತವೆ ಅಷ್ಟೇ.

ಅಳಿಸುವ ಕೆಲಸ

ಚಪ್ಪರ ಬೀಳದ ಹಾಗೆ ಒಂದೊಂದೇ ಕಂಬ ಕಿತ್ತು ನೋಡುವಂಥ ಕೆಲಸ ಇದು. ಒಂದು ಅಂಕಿ ಅಳಿಸಿ. ಉತ್ತರ ಇನ್ನೂ ಒಂದೇ ಇದೆಯಾ ನೋಡಿ. ಇದ್ದರೆ ಮುಂದಿನದು. ಇಲ್ಲದಿದ್ದರೆ ಆ ಅಂಕಿಯನ್ನು ವಾಪಸ್ ಬರೆಯಿರಿ, ಬೇರೆ ಮನೆ ಹಿಡಿಯಿರಿ.

ಇಲ್ಲೊಂದು ಸಮಾಧಾನದ ಸಂಗತಿ ಇದೆ. ಒಮ್ಮೆ ‘ಇದನ್ನು ತೆಗೆದರೆ ಎರಡು ಉತ್ತರ’ ಎಂದು ಗೊತ್ತಾದ ಅಂಕಿಯನ್ನು ಮತ್ತೆ ಪರೀಕ್ಷೆ ಮಾಡಬೇಕಾಗಿಲ್ಲ. ಮುಂದೆ ಇನ್ನಷ್ಟು ಸುಳಿವು ತೆಗೆದಾಗ ಉತ್ತರಗಳು ಹೆಚ್ಚಾಗುತ್ತವೆಯೇ ಹೊರತು ಕಡಿಮೆಯಾಗುವುದಿಲ್ಲ. ಹಾಗಾಗಿ ಪ್ರತಿ ಮನೆಗೆ ಒಂದೇ ಪರೀಕ್ಷೆ, ಹೆಚ್ಚೆಂದರೆ 81.

ಪತ್ರಿಕೆಗಳ ಸುಡೊಕುವಿನಲ್ಲಿ ಸುಳಿವುಗಳು ರಂಗೋಲಿ ಚುಕ್ಕಿಗಳಷ್ಟು ಅಚ್ಚುಕಟ್ಟಾಗಿ ಕೂತಿರುವುದನ್ನು ನೋಡಿರುತ್ತೀರಿ. ಪೇಪರನ್ನು ತಲೆಕೆಳಗು ಮಾಡಿದರೂ ಖಾಲಿ ಮನೆಗಳ ಆಕಾರ ಅದೇ. ಅದು ಬೇಕೆಂದರೆ ಜೋಡಿಯಾಗಿ ಅಳಿಸಬೇಕು. ಒಂದನೇ ಸಾಲಿನ ಮೂರನೇ ಮನೆ ಅಳಿಸಿದರೆ ಒಂಬತ್ತನೇ ಸಾಲಿನ ಏಳನೇ ಮನೆಯನ್ನೂ ಅಳಿಸಿ. ಸಾಲಿನ ಸಂಖ್ಯೆಗಳನ್ನು ಕೂಡಿದರೆ 10, ಕಂಬದ ಸಂಖ್ಯೆಗಳನ್ನು ಕೂಡಿದರೂ 10. ಇದು ಅಂದಕ್ಕೆ ಮಾತ್ರ. ಸರಿ ತಪ್ಪಿಗೂ ಇದಕ್ಕೂ ಸಂಬಂಧವಿಲ್ಲ.

ಬಿಡಿಸಿ ನೋಡುವ ಮುಂಚೆಯೇ ಕೆಲವು ತಪ್ಪುಗಳನ್ನು ಕಣ್ಣಲ್ಲೇ ಹಿಡಿಯಬಹುದು. ಸುಳಿವುಗಳಲ್ಲಿ ಕನಿಷ್ಠ ಎಂಟು ಬೇರೆ ಬೇರೆ ಅಂಕಿಗಳು ಇರಬೇಕು. 4 ಮತ್ತು 7 ಎರಡೂ ಎಲ್ಲೂ ಅಚ್ಚಾಗಿಲ್ಲ ಅಂದರೆ, ಉತ್ತರದಲ್ಲಿ ಎಲ್ಲ 4ನ್ನು 7 ಮಾಡಿ, ಎಲ್ಲ 7ನ್ನು 4 ಮಾಡಿದರೆ ಇನ್ನೊಂದು ಉತ್ತರ ಸಿದ್ಧ. ಒಂದೇ ಪಟ್ಟಿಯಲ್ಲಿ ಎರಡು ಸಾಲುಗಳು ಪೂರ್ತಿ ಖಾಲಿ ಇರಬಾರದು, ಅವನ್ನು ಅದಲುಬದಲು ಮಾಡಿಬಿಡಬಹುದು. ಕಂಬಗಳಿಗೂ ಹೀಗೇ. ಆಮೇಲೆ ನಾಲ್ಕು ಮನೆಯ ಅದಲುಬದಲು ಗುಂಪು: ಎರಡು ಸಾಲು, ಎರಡು ಕಂಬ, ಎರಡೇ ಪೆಟ್ಟಿಗೆ, ಮೂಲೆಗಳಲ್ಲಿ ಒಂದು ಕಡೆ 5, 8, ಇನ್ನೊಂದು ಕಡೆ 8, 5. ನಾಲ್ಕೂ ಮೂಲೆ ಖಾಲಿ ಇದ್ದರೆ ಕಥೆ ಮುಗಿಯಿತು. ಆದರೆ ಆ ನಾಲ್ಕು ಮೂಲೆ ನಾಲ್ಕು ಬೇರೆ ಪೆಟ್ಟಿಗೆಗಳಲ್ಲಿ ಬಿದ್ದಿದ್ದರೆ ಭಯವಿಲ್ಲ, ಅಲ್ಲಿ ಬದಲಿಸಿದರೆ ಪೆಟ್ಟಿಗೆಯ ನಿಯಮ ಮುರಿಯುತ್ತದೆ.

ಈ ಪರೀಕ್ಷೆಗಳಲ್ಲಿ ಫೇಲ್ ಆದರೆ ಸುಡೊಕು ಖಂಡಿತ ತಪ್ಪು. ಪಾಸಾದರೆ ಸರಿ ಅಂತೇನಿಲ್ಲ, ನಾಲ್ಕರ ಚೌಕದಲ್ಲಿ ನೋಡಿದೆವಲ್ಲ.

ಕೈಯಲ್ಲಿ ಮಾಡುವವರು ಸುಮಾರು 30 ಸುಳಿವು ಉಳಿದಾಗ ನಿಲ್ಲಿಸುವುದು ಒಳ್ಳೆಯದು. ಕಂಪ್ಯೂಟರ್‌ಗೆ ಬಿಟ್ಟು, ಇನ್ನೊಂದನ್ನೂ ತೆಗೆಯಲಾಗದು ಎನ್ನುವವರೆಗೆ ಅಳಿಸುತ್ತಾ ಹೋದರೆ ಸಾಮಾನ್ಯವಾಗಿ 24ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಂಪ್ಯೂಟರ್ ಪರೀಕ್ಷೆ ಮಾಡುವ ರೀತಿ ನಮ್ಮದಕ್ಕಿಂತ ಬೇರೆ. ಅದು ಒಂದು ಉತ್ತರ ಸಿಕ್ಕಿದ ಮೇಲೂ ನಿಲ್ಲುವುದಿಲ್ಲ. ಎರಡನೆಯದಕ್ಕೆ ಹುಡುಕುತ್ತದೆ. ಸಿಕ್ಕಿದರೆ ಪ್ರಶ್ನೆ ತಪ್ಪು, ಎಲ್ಲ ದಾರಿ ಮುಗಿದರೂ ಸಿಗದಿದ್ದರೆ ಸರಿ. ಚಾಟ್‌ಬಾಟ್ ಕೊಟ್ಟ ಸುಡೊಕುವನ್ನೂ ಹೀಗೇ ಉತ್ತರ ಎಣಿಸುವ ಪ್ರೋಗ್ರಾಂಗೆ ಹಾಕಿ ನೋಡಿದ ಮೇಲೆ ಹಂಚುವುದು ಕ್ಷೇಮ.

ಹದಿನೇಳಕ್ಕೇ ಯಾಕೆ ನಿಲ್ಲುತ್ತದೆ?

ಎಲ್ಲಕ್ಕಿಂತ ಕಡಿಮೆ ಎಷ್ಟು ಸುಳಿವು ಸಾಕು? ಉತ್ತರ 17. ಹದಿನೇಳು ಸುಳಿವಿನ ಸುಡೊಕುಗಳು ಸಾವಿರಾರು ಸಿಕ್ಕಿದ್ದವು, 16ರದ್ದು ಒಂದೂ ಸಿಕ್ಕಿರಲಿಲ್ಲ. ಸಿಕ್ಕಿಲ್ಲ ಎನ್ನುವುದು ಬೇರೆ, ಇಲ್ಲ ಎನ್ನುವುದು ಬೇರೆ.

ಪೂರ್ತಿ ತುಂಬಿದ ಸುಡೊಕು ಚೌಕಗಳ ಒಟ್ಟು ಸಂಖ್ಯೆ 6,670,903,752,021,072,936,960. ಇದು 22 ಅಂಕಿಗಳ ಸಂಖ್ಯೆ. ಬರ್ಟ್ರಾಮ್ ಫೆಲ್ಗೆನ್‌ಹಾವರ್ ಮತ್ತು ಫ್ರೇಜರ್ ಜಾರ್ವಿಸ್ 2005ರಲ್ಲಿ ಇದನ್ನು ಲೆಕ್ಕ ಹಾಕಿದರು. ಆದರೆ ಕಲಸಿದ್ದನ್ನೆಲ್ಲ ಬೇರೆ ಬೇರೆ ಎಂದು ಎಣಿಸದೆ, ಒಂದು ತಳಿಗೆ ಒಂದನ್ನು ಮಾತ್ರ ಎಣಿಸಿದರೆ ಉಳಿಯುವುದು 547 ಕೋಟಿ 27 ಲಕ್ಷ 30 ಸಾವಿರದ 538. ಇದು ಕಂಪ್ಯೂಟರ್‌ಗೆ ಕೈಗೆಟುಕುವ ಸಂಖ್ಯೆ. ಡಬ್ಲಿನ್‌ನ ಯೂನಿವರ್ಸಿಟಿ ಕಾಲೇಜಿನ ಗ್ಯಾರಿ ಮೆಗ್ವಾಯರ್ ಮತ್ತು ಅವರ ತಂಡ ಈ ಒಂದೊಂದು ಚೌಕದೊಳಗೂ 16 ಸುಳಿವಿನ ಸುಡೊಕು ಅಡಗಿದೆಯಾ ಎಂದು ಹುಡುಕಿಸಿತು. 2012ರ ಜನವರಿಯಲ್ಲಿ ಫಲಿತಾಂಶ ಹೇಳಿತು: ಇಲ್ಲ. ಒಂದೇ ಪ್ರೊಸೆಸರ್‌ನಲ್ಲಿ ನಡೆಸಿದ್ದರೆ ಸುಮಾರು 71 ಲಕ್ಷ ಗಂಟೆ ಹಿಡಿಯುವಷ್ಟು ಲೆಕ್ಕ ಅದು, ಅಂದರೆ 800 ವರ್ಷಕ್ಕೂ ಜಾಸ್ತಿ. ಅವರು ಬಳಸಿದ್ದು ನಾವು ನಾಲ್ಕರ ಚೌಕದಲ್ಲಿ ಬಳಸಿದ ಉಪಾಯವನ್ನೇ. ಅದಲುಬದಲು ಗುಂಪುಗಳನ್ನು ಪಟ್ಟಿ ಮಾಡು, 16 ಸುಳಿವಿನಿಂದ ಎಲ್ಲವನ್ನೂ ಮುಟ್ಟಲಾಗುತ್ತದಾ ನೋಡು.

ಕಷ್ಟ ಎಲ್ಲಿಂದ ಬರುತ್ತದೆ?

ಸುಳಿವು ಕಡಿಮೆಯಾದಷ್ಟೂ ಸುಡೊಕು ಕಷ್ಟ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಹಾಗೇನೂ ಇಲ್ಲ. 17 ಸುಳಿವಿನವುಗಳಲ್ಲಿ ಅನೇಕವು ಸಾದಾ ಉಪಾಯಗಳಿಂದಲೇ ಬಿಟ್ಟುಕೊಡುತ್ತವೆ. ಫಿನ್‌ಲೆಂಡ್‌ನ ಗಣಿತಜ್ಞ ಆರ್ಟೊ ಇಂಕಾಲ ಮಾಡಿದ, 2012ರಲ್ಲಿ ಜಗತ್ತಿನ ಅತಿ ಕಷ್ಟದ ಸುಡೊಕು ಎಂದು ಪತ್ರಿಕೆಗಳಲ್ಲಿ ಹೆಸರಾದದ್ದರಲ್ಲಿ 21 ಸುಳಿವುಗಳಿವೆ.

ಕಷ್ಟವನ್ನು ನಿರ್ಧರಿಸುವುದು ಎರಡು ಸಂಗತಿ: ಮುಂದಿನ ಹೆಜ್ಜೆಗೆ ಎಂಥ ಯೋಚನೆ ಬೇಕು, ಮತ್ತು ಒಂದು ಸಮಯಕ್ಕೆ ಅಂಥ ಹೆಜ್ಜೆಗಳು ಎಷ್ಟು ಸಿಗುತ್ತವೆ.

ಯೋಚನೆಗಳಲ್ಲಿ ಅತಿ ಸುಲಭದ್ದು, ‘ಈ ಪೆಟ್ಟಿಗೆಯಲ್ಲಿ 6 ಕೂರುವುದಕ್ಕೆ ಒಂದೇ ಮನೆ ಉಳಿದಿದೆ’ ಎಂಬುದು. ಕಣ್ಣಾಡಿಸಿದರೆ ಸಿಗುತ್ತದೆ. ‘ಈ ಮನೆಗೆ ಎಂಟು ಅಂಕಿಗಳೂ ಬರಲ್ಲ, ಹಾಗಾಗಿ ಒಂಬತ್ತನೆಯದೇ’ ಎಂಬುದು ಸ್ವಲ್ಪ ಕಷ್ಟ, ಯಾಕೆಂದರೆ ಮೂರು ಕಡೆ ನೋಡಿ ಎಣಿಸಬೇಕು. ಅದಕ್ಕಿಂತ ಮೇಲಿನದು ಜೋಡಿ: ಒಂದು ಸಾಲಿನ ಎರಡು ಮನೆಗಳಿಗೂ 2 ಅಥವಾ 9 ಮಾತ್ರ ಬರಬಹುದಾದರೆ, ಯಾವುದು ಎಲ್ಲಿ ಅಂತ ಗೊತ್ತಿಲ್ಲದಿದ್ದರೂ ಆ ಸಾಲಿನ ಬೇರೆ ಮನೆಗಳಿಂದ 2, 9 ಹೊಡೆದುಹಾಕಬಹುದು. ಇನ್ನೂ ಮೇಲೆ ಹೋದರೆ ಆಟಗಾರರು ಎಕ್ಸ್-ವಿಂಗ್ ಎನ್ನುವ ಉಪಾಯ. ಎರಡು ಸಾಲುಗಳಲ್ಲಿ 7 ಬರಬಹುದಾದ ಜಾಗ ಎರಡೆರಡೇ, ಅದೂ ಅವೇ ಎರಡು ಕಂಬಗಳಲ್ಲಿ. ಆಗ ಆ ಕಂಬಗಳ ಉಳಿದ ಮನೆಗಳಲ್ಲಿ 7 ಬರುವಂತಿಲ್ಲ.

ನೀವು ಮಾಡಿದ ಸುಡೊಕು ಎಷ್ಟು ಕಷ್ಟ ಅಂತ ತಿಳಿಯಬೇಕಾದರೆ ಬಿಡಿಸುತ್ತಾ ಎರಡು ವಿಷಯ ಬರೆದುಕೊಳ್ಳಿ. ಎಂಥ ಉಪಾಯ ಬೇಕಾಯಿತು, ಮತ್ತು ಯಾವ ಹಂತದಲ್ಲಿ ಮುಂದಿನ ಹೆಜ್ಜೆ ಒಂದೇ ಒಂದು ಇತ್ತು. ಆ ಒಂದೇ ಹೆಜ್ಜೆಯ ಜಾಗಗಳು ಜಾಸ್ತಿ ಇದ್ದರೆ, ಉಪಾಯ ಸಾದಾ ಆಗಿದ್ದರೂ ಜನ ಅಲ್ಲಿ ಹತ್ತು ನಿಮಿಷ ಕೂರುತ್ತಾರೆ. ಸುಲಭ ಮಾಡಬೇಕೆಂದರೆ ಅಲ್ಲೇ ಒಂದು ಅಂಕಿ ವಾಪಸ್ ಕೊಡಿ. ಬೇರೆಲ್ಲೋ ನಾಲ್ಕು ಅಂಕಿ ಸೇರಿಸುವುದಕ್ಕಿಂತ ಇದು ಕೆಲಸಕ್ಕೆ ಬರುತ್ತದೆ.

ಕೈ ಕೆಲಸ, ಯಂತ್ರದ ಕೆಲಸ

ಈಗಿನ ರೂಪದ ಸುಡೊಕು 1979ರಲ್ಲಿ ಅಮೆರಿಕದ ಡೆಲ್ ಪತ್ರಿಕೆಯಲ್ಲಿ ‘ನಂಬರ್ ಪ್ಲೇಸ್’ ಹೆಸರಿನಲ್ಲಿ ಬಂತು. ಮಾಡಿದವರು ಇಂಡಿಯಾನಾದ ನಿವೃತ್ತ ಆರ್ಕಿಟೆಕ್ಟ್ ಹೊವರ್ಡ್ ಗಾರ್ನ್ಸ್ ಎಂದು ನಂಬಲಾಗಿದೆ. 1984ರಲ್ಲಿ ಜಪಾನಿನ ನಿಕೋಲಿ ಸಂಸ್ಥೆ ಅದನ್ನು ತನ್ನ ಓದುಗರಿಗೆ ಪರಿಚಯಿಸಿತು, ಅದರ ಮಾಕಿ ಕಾಜಿ ಈಗಿನ ಹೆಸರಿಟ್ಟರು. 1986ರಲ್ಲಿ ನಿಕೋಲಿ ಎರಡು ಕಟ್ಟುಪಾಡು ಹಾಕಿಕೊಂಡಿತು. ಸುಳಿವು 32ಕ್ಕಿಂತ ಜಾಸ್ತಿ ಇರಬಾರದು, ಹಾಳೆಯನ್ನು ತಲೆಕೆಳಗು ಮಾಡಿದರೂ ಅವುಗಳ ಜೋಡಣೆ ಅದೇ ಆಗಿರಬೇಕು.

ನಿಕೋಲಿಯವರು ಕೈಯಲ್ಲೇ ಮಾಡುವವರು. ಅವರ ದಾರಿ ನಾವು ನೋಡಿದ್ದಕ್ಕೆ ಉಲ್ಟಾ. ತುಂಬಿದ ಚೌಕದಿಂದ ಅಳಿಸುವ ಬದಲು ಖಾಲಿ ಚೌಕದಲ್ಲಿ ಸುಳಿವುಗಳ ಜಾಗವನ್ನು ಮೊದಲು ಗುರುತು ಮಾಡುತ್ತಾರೆ, ಆಮೇಲೆ ಬಿಡಿಸುವವರು ಎಲ್ಲಿಂದ ಶುರುಮಾಡಿ ಎಲ್ಲಿಗೆ ಹೋಗಬೇಕು ಎಂದು ಯೋಚಿಸುತ್ತಾ ಅಂಕಿ ಇಡುತ್ತಾರೆ. ಒಂದು ಅಂಕಿ ಇಟ್ಟ ಕೂಡಲೇ ಅದರಿಂದ ಏನೇನು ಗೊತ್ತಾಗುತ್ತದೆ ಎಂದು ಪೆನ್ಸಿಲ್‌ನಲ್ಲಿ ತುಂಬಿ, ಮುಂದಿನದನ್ನು ಇಡಬೇಕು. ನಿಧಾನದ ಕೆಲಸ. ಆದರೆ ಬಿಡಿಸುವಾಗ ಎದುರಿಗೆ ಒಬ್ಬರು ಕೂತು ಕೀಟಲೆ ಮಾಡುತ್ತಿದ್ದಾರೆ ಅನಿಸುವುದು ಇಂಥವುಗಳಲ್ಲೇ.

ಜಗತ್ತಿಗೆಲ್ಲ ಹುಚ್ಚು ಹಿಡಿಸಿದ್ದು ಮಾತ್ರ ಕಂಪ್ಯೂಟರ್. ನ್ಯೂಜಿಲೆಂಡ್ ಮೂಲದ, ಹಾಂಗ್‌ಕಾಂಗ್‌ನಲ್ಲಿ ಜಡ್ಜ್ ಆಗಿ ನಿವೃತ್ತರಾದ ವೇಯ್ನ್ ಗೌಲ್ಡ್ 1997ರಲ್ಲಿ ಟೋಕಿಯೊದ ಪುಸ್ತಕದಂಗಡಿಯಲ್ಲಿ ಸುಡೊಕು ನೋಡಿದರು. ಅದನ್ನು ತಯಾರಿಸುವ ಪ್ರೋಗ್ರಾಂ ಬರೆಯಲು ಆರು ವರ್ಷ ಹಿಡಿಯಿತು. 2004ರ ನವೆಂಬರ್ 12ರಂದು ಲಂಡನ್ನಿನ ‘ದಿ ಟೈಮ್ಸ್’ ಅದನ್ನು ಅಚ್ಚು ಹಾಕಿತು. ದಿನಕ್ಕೊಂದು ಸುಡೊಕು, ಅದೂ ಸುಲಭ-ಕಷ್ಟ ಎಂದು ಅಳೆದು, ಬೇಕಾದಷ್ಟು. ಪತ್ರಿಕೆಗಳಿಗೆ ಬೇಕಾಗಿದ್ದೂ ಅದೇ.

ನಿಯಮ ಸೇರಿಸಿದರೆ ಸುಳಿವು ಕಡಿಮೆ

ಮಾಡುವುದಕ್ಕೆ ನಿಜವಾಗಿ ಮಜಾ ಇರುವುದು ಹೊಸ ನಿಯಮ ಸೇರಿಸಿದಾಗ. ಎರಡು ಮೂಲೆಗೆರೆಗಳಲ್ಲೂ 1ರಿಂದ 9 ಬರಬೇಕು ಎನ್ನಿ, ಇನ್ನಷ್ಟು ಸುಳಿವು ಅಳಿಸಬಹುದು. ಪ್ರತಿ ಹೊಸ ನಿಯಮವೂ ಅಚ್ಚಾಗದ ಸುಳಿವಿನಂತೆ ಕೆಲಸ ಮಾಡುತ್ತದೆ.

ಇದರ ಕೊನೆಯ ತುದಿ 2020ರ ಮೇ ತಿಂಗಳಲ್ಲಿ ಕಾಣಿಸಿತು. ಮಿಚೆಲ್ ಲೀ ಮಾಡಿದ ಒಂದು ಸುಡೊಕುವಿನಲ್ಲಿ ಇದ್ದದ್ದು ಎರಡೇ ಸುಳಿವು, ಒಂದು 1 ಮತ್ತು ಒಂದು 2. ‘ಕ್ರ್ಯಾಕಿಂಗ್ ದಿ ಕ್ರಿಪ್ಟಿಕ್’ ಯೂಟ್ಯೂಬ್ ಚಾನೆಲ್‌ನಲ್ಲಿ ಸೈಮನ್ ಆಂಥನಿ ಮೊದಲು ಇದೇನೋ ತಮಾಷೆ ಅಂದುಕೊಂಡು, ಆಮೇಲೆ ಕ್ಯಾಮೆರಾ ಮುಂದೆಯೇ ಬಿಡಿಸಿಬಿಟ್ಟರು. ಅದರಲ್ಲಿ ಮೂರು ಹೆಚ್ಚುವರಿ ನಿಯಮಗಳಿದ್ದವು. ಚೆಸ್‌ನ ಕುದುರೆ ನಡೆಯಷ್ಟು ದೂರದಲ್ಲಿ ಒಂದೇ ಅಂಕಿ ಬರಬಾರದು, ರಾಜನ ನಡೆಯಷ್ಟು ದೂರದಲ್ಲೂ ಬರಬಾರದು, ಪಕ್ಕಪಕ್ಕದ ಮನೆಗಳಲ್ಲಿ 4, 5ರಂಥ ಒಂದರ ಹಿಂದೆ ಒಂದು ಬರುವ ಅಂಕಿಗಳು ಇರಬಾರದು.

ಎಂಟು ಬೇರೆ ಅಂಕಿ ಬೇಕೇ ಬೇಕು ಅಂದಿದ್ದೆವಲ್ಲ, ಇಲ್ಲಿ ಎರಡೇ ಹೇಗೆ ಸಾಕಾಯಿತು? ಸಾದಾ ಸುಡೊಕುವಿನಲ್ಲಿ 4 ಮತ್ತು 7 ಬರೀ ಗುರುತುಗಳು, ಅವುಗಳ ಹೆಸರು ಬದಲಿಸಿದರೆ ಏನೂ ಆಗುವುದಿಲ್ಲ. ಮೂರನೇ ನಿಯಮ ಬಂದ ಕೂಡಲೇ ಅಂಕಿಗೆ ಬೆಲೆ ಬಂತು. 4ರ ಪಕ್ಕ 5 ಕೂರುವಂತಿಲ್ಲ, 7ರ ಪಕ್ಕ ಕೂರಬಹುದು. ಹಾಗಾಗಿ 4 ಮತ್ತು 7ನ್ನು ಬದಲಿಸಲಾಗದು.

ಇಂಥ ಬಗೆಬಗೆಯ ಸುಡೊಕುಗಳು ವಿಶ್ವ ಚಾಂಪಿಯನ್‌ಶಿಪ್‌ನ ಮುಖ್ಯ ಭಾಗ. 2006ರಲ್ಲಿ ಇಟಲಿಯ ಲುಕ್ಕಾದಲ್ಲಿ ಶುರುವಾದ ಈ ಸ್ಪರ್ಧೆ 2017ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೂ ಬಂದಿತ್ತು.

ಅಕ್ಷರದ ಸುಡೊಕು, ಆಮೇಲೆ ಪರೀಕ್ಷೆ

ಸಾದಾ ಸುಡೊಕುವಿನಲ್ಲಿ ಅಂಕಿಗಳು ಬರೀ ಗುರುತುಗಳಾದ್ದರಿಂದ ಅವುಗಳ ಜಾಗದಲ್ಲಿ ಏನು ಬೇಕಾದರೂ ಇಡಬಹುದು. ಮಕ್ಕಳಿಗೆ ೧ರಿಂದ ೯ ಕಲಿಸುವುದಕ್ಕೆ ಇದು ಒಳ್ಳೆಯ ನೆಪ. ಊರಿನ ಹೆಸರನ್ನೂ ಅಡಗಿಸಬಹುದು, ಅಕ್ಷರ ಮರುಕಳಿಸದ ಹೆಸರಾಗಿರಬೇಕು ಅಷ್ಟೇ. ನಮ್ಮ ನಾಲ್ಕರ ಚೌಕದಲ್ಲಿ 1ಕ್ಕೆ ಮ, 2ಕ್ಕೆ ಡಿ, 3ಕ್ಕೆ ಕೇ, 4ಕ್ಕೆ ರಿ ಹಾಕಿ:

ಮ . . ರಿ
. . . .
. . . .
. ಕೇ ಡಿ .

ಬಿಡಿಸಿದವರಿಗೆ ಮೊದಲ ಸಾಲಿನಲ್ಲಿ ಮಡಿಕೇರಿ ಸಿಗುತ್ತದೆ. ಚಿತ್ರದುರ್ಗಕ್ಕೂ ಶಿವಮೊಗ್ಗಕ್ಕೂ ಹೀಗೇ ಮಾಡಬಹುದು. ಬಳ್ಳಾರಿಗೆ ಮೂರೇ ಅಕ್ಷರ, ಇದಕ್ಕೆ ಸಾಲದು.

ಹಂಚುವ ಮುಂಚೆ ಉತ್ತರ ನೋಡಿರದ ಒಬ್ಬರಿಂದ ಬಿಡಿಸಿ. ನೀವೇ ಬಿಡಿಸಿದರೆ ಉತ್ತರ ತಲೆಯಲ್ಲಿ ಇರುತ್ತದೆ, ಊಹೆ ಮಾಡಿದ್ದೂ ತರ್ಕದಂತೆ ಕಾಣುತ್ತದೆ. ಅವರು ಸಿಕ್ಕಿಕೊಂಡ ಮನೆಯನ್ನು ಗುರುತು ಹಾಕಿಸಿಕೊಳ್ಳಿ. ಪೆನ್ಸಿಲ್‌ನಲ್ಲೇ ಬಿಡಿಸಲು ಹೇಳಿ. ಒಂದು ಮನೆಯಲ್ಲಿ ಎರಡು ಸಲ ಅಳಿಸಿ ಬರೆದ ಗುರುತು ಕಂಡರೆ ಅಲ್ಲಿ ಅವರು ಊಹೆ ಮಾಡಿದ್ದಾರೆ ಅಂತ ಅರ್ಥ. ಪರೀಕ್ಷೆ ಅಲ್ಲಿಂದ ಮತ್ತೆ ಶುರು.